ಭುಜ ಮೊದಲು, ಕ್ಲೇಮು ಆಮೇಲೆ

ಪುಟ್ಟಿ,

ಕೈರೋಪ್ರಾಕ್ಟರ್ ಹತ್ತಿರ ಹೋಗಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಹೋಗಬೇಡ ಅನ್ನುವುದಿಲ್ಲ. ಆದರೆ ಮೊದಲು ಹೋಗಬೇಕಾದ್ದು ಅಲ್ಲಿಗಲ್ಲ. ಡಾಕ್ಟರೊಬ್ಬರು ಭುಜವನ್ನು ಮುಟ್ಟಿ, ಆಡಿಸಿ ನೋಡಲಿ, ಬೇಕಾದರೆ ಎಕ್ಸ್‌ರೇ ತೆಗೆಸಲಿ, ಏನಾಗಿದೆ ಅಂತ ಹೇಳಲಿ. ಅದನ್ನು ಯಾರ ಕೈಗೆ ಕೊಡುವುದು ಅನ್ನುವ ಮಾತು ಆಮೇಲೆ. ಇಷ್ಟು ಹೇಳಿ ಫೋನಿಟ್ಟರೆ ನೀನು ಒಪ್ಪುವವಳಲ್ಲ, ಯಾಕೆ ಅಂತ ಕೇಳುತ್ತೀಯ. ಚಿಕ್ಕಂದಿನಿಂದಲೂ ಹಾಗೇ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿಮ್ಮಮ್ಮ ಎಲ್ಲ ಹೇಳಿದಳು. ಡೇಲ್ ಮೇಬ್ರಿ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದವನು ಗುದ್ದಿದ್ದು, ನಿನ್ನ ಕಾರು ಮುಂದಿನದಕ್ಕೆ ತಗುಲಿದ್ದು, ಏನೂ ಆಗಿಲ್ಲ ಅಂತ ನೀನೇ ಓಡಿಸಿಕೊಂಡು ಮನೆಗೆ ಬಂದದ್ದು, ಮರುದಿನ ಬೆಳಿಗ್ಗೆ ಎಡಗೈ ಎತ್ತಿ ಜಡೆ ಹಾಕಿಕೊಳ್ಳಲಾಗದೆ ಹೋದದ್ದು. ಆವತ್ತು ಇಲ್ಲದ ನೋವು ಮರುದಿನ ಬಂತಲ್ಲ ಅಂತ ಗಾಬರಿಯಾಗಬೇಡ. ಅಪಘಾತದ ಹೊತ್ತಿನಲ್ಲಿ ಮೈಯಲ್ಲಿ ಏರುವ ಅಡ್ರಿನಲಿನ್ ನೋವನ್ನು ಮುಚ್ಚಿಡುತ್ತದೆ, ಬಾವು ಬರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ನಾನು ಟ್ಯಾಂಪಾದಲ್ಲಿ ಫಿಸಿಯೋಥೆರಪಿ ಕೆಲಸದಲ್ಲಿದ್ದ ಕಾಲದಲ್ಲಿ ಕಾರು ಗುದ್ದಿಸಿಕೊಂಡು ಬಂದವರಲ್ಲಿ ಬಹಳ ಮಂದಿ "ಆವತ್ತು ಏನೂ ಇರಲಿಲ್ಲ" ಅಂತಲೇ ಮಾತು ಶುರುಮಾಡುತ್ತಿದ್ದರು.

ಎಡಭುಜಕ್ಕೇ ಯಾಕೆ ನೋವು ಅಂದರೆ, ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಬೆಲ್ಟು ಎಡಭುಜದ ಮೇಲಿಂದ ಇಳಿದು ಬಲಸೊಂಟಕ್ಕೆ ಹೋಗುತ್ತದೆ. ನಮ್ಮಲ್ಲಾದರೆ ಅದೇ ಪೆಟ್ಟು ಬಲಭುಜಕ್ಕೆ. ಬೆಲ್ಟು ಹಾಕದೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಭುಜಕ್ಕೆ ಬಿದ್ದ ಪೆಟ್ಟು ತಲೆಗೆ ಬೀಳಬೇಕಾಗಿದ್ದ ಪೆಟ್ಟು. ಇನ್ನೊಂದು ಕಾರಣ ನಿನ್ನ ಕೈಗಳೇ. ಗುದ್ದುತ್ತಿದ್ದಾನೆ ಅಂತ ಕನ್ನಡಿಯಲ್ಲಿ ಕಂಡವರು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡುಬಿಡುತ್ತಾರೆ. ಮೈ ಮುಂದಕ್ಕೆ ಹೋಗುತ್ತದೆ, ಕೈ ಅಲ್ಲೇ ನಿಂತಿರುತ್ತದೆ, ನಡುವಿನ ಜಗ್ಗಾಟವನ್ನೆಲ್ಲ ಭುಜದ ಕೀಲು ತಡೆದುಕೊಳ್ಳಬೇಕು.

ಆ ಕೀಲು ತಡೆದುಕೊಳ್ಳುವ ಕೀಲಲ್ಲ. ಸ್ಕೂಲಿನಲ್ಲಿ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತಿದ್ದಿರಲ್ಲ, ಹೆಚ್ಚೂಕಡಿಮೆ ಹಾಗೆ ಕೂತಿರುತ್ತದೆ ತೋಳಿನ ಮೂಳೆಯ ತಲೆ, ಬೆನ್ನಿನ ರೆಕ್ಕೆಮೂಳೆಯ ಸಣ್ಣ ತಟ್ಟೆಯ ಮೇಲೆ. ಅದಕ್ಕೇ ಕೈಯನ್ನು ಎತ್ತ ಬೇಕಾದರೂ ತಿರುಗಿಸುತ್ತೇವೆ. ಅದನ್ನು ಜಾರದ ಹಾಗೆ ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳ ಟೆಂಡನ್ನುಗಳು, ತಟ್ಟೆಯ ಅಂಚಿನಲ್ಲಿರುವ ಲೇಬ್ರಮ್ ಅನ್ನುವ ಉಂಗುರ, ಮತ್ತೆ ಕೀಲಿನ ಸುತ್ತಲಿನ ಚೀಲ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ, ಇವು ಯಾವುವೂ ಕಾಣುವುದಿಲ್ಲ. "ಎಕ್ಸ್‌ರೇ ನಾರ್ಮಲ್" ಅಂತ ಬರೆದುಕೊಟ್ಟರೆ ಮೂಳೆ ಮುರಿದಿಲ್ಲ ಅಂತಷ್ಟೇ ಅರ್ಥ ಮಾಡಿಕೋ. ಟೆಂಡನ್ ನೋಡಬೇಕಾದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು.

ಈಗ ಒಂದು ಕೆಲಸ ಮಾಡು. ಬಲಗೈಯ ಒಂದೇ ಬೆರಳಿನಿಂದ ನೋವು ಎಲ್ಲಿದೆ ಅಂತ ಮುಟ್ಟಿ ತೋರಿಸು. ಅಂಗೈ ಇಡಬೇಡ, ಒಂದೇ ಬೆರಳು. ಬೆರಳು ಭುಜದ ತುದಿಯಲ್ಲಿ, ಕಾಲರ್‌ಬೋನ್ ಕೊನೆಯಾಗುವ ಗಂಟಿನ ಮೇಲೆ ನಿಂತಿತೋ, ಬೆಲ್ಟಿನ ಪೆಟ್ಟು ಅಲ್ಲಿನ ಚಿಕ್ಕ ಕೀಲಿಗೆ ಬಿದ್ದಿರಬಹುದು. ಎರಡೂ ಭುಜ ಬಿಟ್ಟು ಕನ್ನಡಿ ಮುಂದೆ ನಿಲ್ಲು, ಆ ಗಂಟು ಒಂದು ಕಡೆ ಎದ್ದು ಕಾಣುತ್ತದಾ ನೋಡು. ಬೆರಳು ತೋಳಿನ ಹೊರಮಗ್ಗುಲಿಗೆ, ಇಂಜೆಕ್ಷನ್ ಚುಚ್ಚುವ ಜಾಗಕ್ಕೆ ಹೋಯಿತೋ, ಆ ಮಗ್ಗುಲಾಗಿ ಮಲಗಿದರೆ ರಾತ್ರಿ ಎಚ್ಚರವಾಗುತ್ತದೋ, ರೊಟೇಟರ್ ಕಫ್ ಮೇಲೆ ಅನುಮಾನ ಬರುತ್ತದೆ. ಬೆರಳು ಕತ್ತಿನ ಬುಡದಿಂದ ರೆಕ್ಕೆಮೂಳೆಯ ಒಳಅಂಚಿಗೆ ಓಡಾಡುತ್ತಿದ್ದರೆ ಅದು ಭುಜದ್ದೇ ಅಲ್ಲದಿರಬಹುದು. ಕತ್ತಿನ ನೋವು ಭುಜದಲ್ಲಿ ಕೂತಿರುವುದು ಬಲು ಸಾಮಾನ್ಯ.

ಕತ್ತಿನದೋ ಭುಜದ್ದೋ ಅಂತ ನೋಡಲು ಕೈಯನ್ನು ಸುಮ್ಮನೆ ಬಿಟ್ಟು ಕತ್ತನ್ನು ಮಾತ್ರ ಮೆಲ್ಲಗೆ ತಿರುಗಿಸು. ಅಷ್ಟಕ್ಕೇ ಭುಜದ ನೋವು ಎದ್ದರೆ ಮೂಲ ಕತ್ತಿನಲ್ಲಿದೆ ಅನ್ನುವ ಗುಮಾನಿ. ಅಂಗೈಯನ್ನು ತಲೆಯ ಮೇಲೆ ಇಟ್ಟುಕೊಂಡು ಕೂತಾಗ ಕೆಲವರಿಗೆ ಹಾಯೆನಿಸುತ್ತದೆ, ಕತ್ತಿನಲ್ಲಿ ಒತ್ತಿಕೊಂಡಿದ್ದ ನರ ಆ ಭಂಗಿಯಲ್ಲಿ ಸಡಿಲವಾಗುವುದರಿಂದ. ಭುಜವೇ ಕೆಟ್ಟಿದ್ದರೆ ಆ ಭಂಗಿಯಲ್ಲಿ ನೋವು ಜಾಸ್ತಿಯಾಗುತ್ತದೆ. ಇನ್ನೊಂದು: ನಿನ್ನ ಎಡಗೈಯನ್ನು ಅಳಿಯಂದಿರು ಹಿಡಿದು ಎತ್ತಿದರೆ ಪೂರ್ತಿ ಮೇಲೆ ಹೋಗುತ್ತದೆ, ನೀನಾಗಿ ಎತ್ತಲು ಹೋದರೆ ಅರ್ಧಕ್ಕೇ ಬಿದ್ದುಹೋಗುತ್ತದೆ ಅಂತಾದರೆ ಟೆಂಡನ್ ಹರಿದಿದೆಯಾ ಅಂತ ಬೇಗ ನೋಡಿಸಬೇಕು. ಅವರು ಎತ್ತಿದರೂ ಹೋಗದಿದ್ದರೆ ಬೇರೆ ಲೆಕ್ಕ. ಬಲವಂತವಾಗಿ ಎತ್ತಿಸಬೇಡ. ಇವೆಲ್ಲ ಡಾಕ್ಟರ ಹತ್ತಿರ ಸರಿಯಾಗಿ ಹೇಳಲಿಕ್ಕೆ, ಮನೆಯಲ್ಲೇ ತೀರ್ಪು ಕೊಟ್ಟುಕೊಳ್ಳಲಿಕ್ಕೆ ಅಲ್ಲ.

ಕೆಲವು ಲಕ್ಷಣ ಕಂಡರೆ ನನ್ನ ಕಾಗದ ಪಕ್ಕಕ್ಕಿಟ್ಟು ನೇರ ಎಮರ್ಜೆನ್ಸಿಗೆ ಹೋಗು. ಎಡಭುಜದ ತುದಿಯಲ್ಲಿ ನೋವಿದೆ, ಒತ್ತಿದರೆ ನೋಯುವುದಿಲ್ಲ, ಕೈ ಆಡಿಸಿದರೂ ಹೆಚ್ಚಾಗುವುದಿಲ್ಲ, ಜೊತೆಗೆ ಹೊಟ್ಟೆಯ ಎಡಗಡೆ ನೋವೋ ತಲೆಸುತ್ತೋ ಇದೆ ಅಂದರೆ ಗುಲ್ಮಕ್ಕೆ ಪೆಟ್ಟಾಗಿ ಒಳಗೆ ರಕ್ತ ಹೋಗುತ್ತಿರಬಹುದು. ಆ ರಕ್ತ ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರ ಹೊರಡುವುದು ಕತ್ತಿನಿಂದ, ಹಾಗಾಗಿ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಬೆಲ್ಟಿನ ಗುರುತು ಹೊಟ್ಟೆಯ ಮೇಲೆ ನೀಲಿಗಟ್ಟಿದ್ದರಂತೂ ತಡಮಾಡಲೇಬೇಡ. ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೂ ಹಾಗೇ. ಕೈಯಲ್ಲಿ ಶಕ್ತಿ ಕಡಿಮೆಯಾಗುವುದು, ಬೆರಳು ಜೋಮು ಹಿಡಿಯುವುದು, ತೋಳಿನ ಹೊರಮಗ್ಗುಲಲ್ಲಿ ಒಂದು ತೇಪೆಯಷ್ಟು ಜಾಗ ಮರಗಟ್ಟಿರುವುದು, ಇವು ನರದ ಸೂಚನೆಗಳು. ಹಿಂದೆಂದೂ ಬಾರದಂಥ ಕತ್ತುನೋವು ಅಥವಾ ತಲೆನೋವಿನ ಜೊತೆ ಕಣ್ಣಿಗೆ ಎರಡೆರಡು ಕಾಣುವುದು, ಮಾತು ತೊದಲುವುದು, ನಡೆದರೆ ಓಲಾಡುವುದು ಇದ್ದರೆ ಕತ್ತಿನ ರಕ್ತನಾಳದ ಒಳಪದರ ಹರಿದಿರಬಹುದು. ಅಂಥ ಕತ್ತನ್ನು ಯಾರೂ ತಿರುಗಿಸಕೂಡದು.

ನಾನು ಮೊದಲು ಡಾಕ್ಟರು ಅನ್ನುವುದು ಇದಕ್ಕೇ. ಕೈರೋಪ್ರಾಕ್ಟರ್ ಬಗ್ಗೆ ದ್ವೇಷವೇನೂ ಇಲ್ಲ.

ಈ ವಿದ್ಯೆ ಹುಟ್ಟಿದ್ದು ಅಯೋವಾದ ಡ್ಯಾವೆನ್‌ಪೋರ್ಟಿನಲ್ಲಿ, 1895ರಲ್ಲಿ. ಡಿ.ಡಿ. ಪಾಮರ್ ಅನ್ನುವವರು ಕಟ್ಟಡ ಗುಡಿಸಿ ಒರೆಸುವ ಕೆಲಸದ ಹಾರ್ವಿ ಲಿಲ್ಲಾರ್ಡ್ ಎಂಬವರ ಬೆನ್ನುಮೂಳೆಯನ್ನು ಒತ್ತಿ, ಹೋಗಿದ್ದ ಕಿವಿಯನ್ನು ವಾಪಸ್ಸು ತರಿಸಿದೆ ಅಂದರು. ಕಿವಿಯ ನರ ಬೆನ್ನಿನ ಮೂಲಕ ಹಾಯುವುದೇ ಇಲ್ಲ, ಅದು ತಲೆಬುರುಡೆಯ ಒಳಗೇ ಮುಗಿಯುತ್ತದೆ. ಬೆನ್ನುಮೂಳೆ ತುಸು ಜರುಗಿದರೆ ಎಲ್ಲ ರೋಗ ಬರುತ್ತದೆ ಅನ್ನುವ ಪಾಮರರ ಸಿದ್ಧಾಂತವನ್ನು ನಾನು ನಂಬುವುದಿಲ್ಲ. ಹಾಗಂತ ಈ ವೃತ್ತಿಯನ್ನೇ ತಳ್ಳಿಹಾಕುವುದು ಅನ್ಯಾಯ. ಅಮೆರಿಕದ ವೈದ್ಯರ ಸಂಘ ದಶಕಗಳ ಕಾಲ ಇವರನ್ನು ದೂರವಿಟ್ಟಿತ್ತು. ಚೆಸ್ಟರ್ ವಿಲ್ಕ್ ಮತ್ತಿತರರು 1976ರಲ್ಲಿ ಕೇಸು ಹಾಕಿದರು, 1987ರಲ್ಲಿ ಕೋರ್ಟು ವೈದ್ಯರ ಸಂಘದ್ದೇ ತಪ್ಪು ಅಂದಿತು. ಈಗ 50 ರಾಜ್ಯಗಳಲ್ಲೂ ಲೈಸೆನ್ಸ್ ಇದೆ, ಕಾಲೇಜಿನ ಮೇಲೆ ನಾಲ್ಕು ವರ್ಷ ಓದುತ್ತಾರೆ, ಎಕ್ಸ್‌ರೇ ಓದಲು ಕಲಿಯುತ್ತಾರೆ. ಫ್ಲಾರಿಡಾದಲ್ಲಿ ಔಷಧಿ ಬರೆದುಕೊಡುವ ಹಾಗಿಲ್ಲ, ಆಪರೇಷನ್ ಮಾಡುವ ಹಾಗಿಲ್ಲ. ಒಳ್ಳೆಯವರ ಜೊತೆ ನಾನು ಕೆಲಸ ಮಾಡಿದ್ದೇನೆ. ಬೆನ್ನು ಹಿಡಿದುಕೊಂಡು ಬಂದವರು ಅವರ ಕೈಯಿಂದ ನೆಟ್ಟಗೆ ನಡೆದು ಹೋದದ್ದನ್ನೂ ನೋಡಿದ್ದೇನೆ.

ನಮ್ಮ ಕಡೆಯವರಿಗೆ ಇದು ಬೇಗ ಹಿಡಿಸುವುದಕ್ಕೆ ಕಾರಣವಿದೆ. ಉಳುಕು ತೆಗೆಯುವವರನ್ನು, ಆಂಧ್ರದ ಪುತ್ತೂರು ಕಟ್ಟನ್ನು ಕಂಡು ಬೆಳೆದವರು ನಾವು. ಕೈಯಿಂದ ಒಂದು ಎಳೆತ, ಒಂದು ಟಕ್, ಎಲ್ಲ ಸರಿಹೋಯಿತು ಅನ್ನುವ ನಂಬಿಕೆ ಮನೆಯಲ್ಲೇ ಇದೆ. ಅದಕ್ಕೇ ಹೇಳುತ್ತೇನೆ, ಕೈರೋಪ್ರಾಕ್ಟರ್ ಕೈಯಲ್ಲಿ ಕೇಳುವ ಆ ಟಕ್ ಶಬ್ದ ಮೂಳೆ ಜಾಗಕ್ಕೆ ಬಂದು ಕೂತ ಶಬ್ದವಲ್ಲ. ಕೀಲಿನ ನೀರಿನಲ್ಲಿ ಒತ್ತಡ ಇಳಿದಾಗ ಗಾಳಿಗುಳ್ಳೆಯಾಗುವ ಶಬ್ದ. ಬೆರಳಿನ ನೆಟಿಕೆ ಮುರಿದಾಗ ಬರುವುದೂ ಅದೇ. ಆಮೇಲೆ ಸ್ವಲ್ಪ ಹೊತ್ತು ಬಿಗಿ ಸಡಿಲಿಸಿ ಹಗುರವೆನಿಸುವುದು ನಿಜ, ಸುಳ್ಳಲ್ಲ. ಆದರೆ ಶಬ್ದ ಬಂದದ್ದರಿಂದ ವಾಸಿಯಾಯಿತು ಅಂತಾಗಲಿ, ಬಾರದಿದ್ದರಿಂದ ಆಗಲಿಲ್ಲ ಅಂತಾಗಲಿ ತಿಳಿಯಬೇಡ.

ಹಾಗಾದರೆ ಯಾವುದಕ್ಕೆ ಉಪಯೋಗ? ಗುದ್ದಿದ ಏಟಿಗೆ ಕತ್ತು, ಬೆನ್ನಿನ ಮೇಲ್ಭಾಗ ಬಿಗಿದುಕೊಂಡು ಅಲ್ಲಿಂದ ಭುಜಕ್ಕೆ ನೋವು ಬರುತ್ತಿದ್ದರೆ ಕೈಚಿಕಿತ್ಸೆಯಿಂದ ಪ್ರಯೋಜನವಾಗುತ್ತದೆ, ವ್ಯಾಯಾಮವೂ ಜೊತೆಗಿದ್ದರೆ ಇನ್ನೂ ಚೆನ್ನಾಗಿ. ಭುಜವೇ ಬಿಗಿದಿದ್ದರೂ ಬೆನ್ನಿನ ಮೇಲ್ಭಾಗವನ್ನು ಸಡಿಲಿಸಿದಾಗ ಕೆಲವರಿಗೆ ಕೈ ಎತ್ತುವುದು ಸುಲಭವಾಗುತ್ತದೆ. ಹರಿದ ಟೆಂಡನ್ನನ್ನು, ಮುರಿದ ಕಾಲರ್‌ಬೋನನ್ನು, ಕಿತ್ತುಬಂದ ಲೇಬ್ರಮ್ಮನ್ನು ಯಾವ ಅಡ್ಜಸ್ಟ್‌ಮೆಂಟೂ ಕೂಡಿಸಲಾರದು. ಪೆಟ್ಟಿನಿಂದ ದೊಡ್ಡದಾಗಿ ಹರಿದ ಟೆಂಡನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹಿಂದಕ್ಕೆ ಸರಿದುಕೊಳ್ಳುತ್ತದೆ, ಅದರ ಸ್ನಾಯು ಸೊರಗಿ ಕೊಬ್ಬಾಗುತ್ತದೆ, ಆಮೇಲೆ ಹೊಲಿಯುವುದು ಕಷ್ಟ. ನಿನ್ನ ವಯಸ್ಸಿನವರಿಗೆ ಬೇಗ ಪತ್ತೆಯಾಗುವುದು ಅದಕ್ಕೇ ಮುಖ್ಯ. ಎರಡು ಮೂರು ವಾರವಾದರೂ ಕೈಯನ್ನು ಭುಜದ ಮಟ್ಟಕ್ಕೆ ಎತ್ತಲಾಗದಿದ್ದರೆ ಎಷ್ಟು ಸಲ ಕೈರೋಪ್ರಾಕ್ಟರ್ ಬಳಿ ಹೋಗಿದ್ದೀಯ ಅನ್ನುವುದು ಲೆಕ್ಕಕ್ಕಿಲ್ಲ, ಆರ್ಥೋಪೆಡಿಕ್ ಡಾಕ್ಟರನ್ನು ನೋಡಿ ಎಂಆರ್‌ಐ ಬೇಕಾ ಅಂತ ಕೇಳು.

ಕತ್ತಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಪಘಾತವಾದ ಹೊಸತರಲ್ಲಿ ಕತ್ತನ್ನು ಥಟ್ಟನೆ ತಿರುಗಿಸುವ ಅಡ್ಜಸ್ಟ್‌ಮೆಂಟ್ ಬೇಡ ಅಂತ ಬಾಯಿಬಿಟ್ಟು ಹೇಳು. ಅಪಾಯ ಅಪರೂಪ, ನಿಜ. ಆದರೆ ಪೆಟ್ಟುಬಿದ್ದ ಕತ್ತಿನಲ್ಲಿ ರಕ್ತನಾಳ ಮೊದಲೇ ಹಾನಿಗೊಂಡಿದ್ದರೆ ಅದು ಪಾರ್ಶ್ವವಾಯುವಿನ ತನಕ ಹೋಗಬಹುದು. ಮೆಲ್ಲಗೆ ಆಡಿಸುವ ಮೊಬಿಲೈಸೇಷನ್ ಇದೆ, ಸ್ನಾಯು ಸಡಿಲಿಸುವುದಿದೆ, ವ್ಯಾಯಾಮವಿದೆ. ನಿನ್ನ ಕತ್ತು, ನೀನು ಬೇಡ ಅಂದರೆ ಬೇಡ. ಒಳ್ಳೆಯ ಕೈರೋಪ್ರಾಕ್ಟರ್ ಮುಖ ಸಣ್ಣ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿಗೆ ಬಂದಾಗ ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ಟಕ್ ಅನ್ನಿಸುತ್ತಾರಲ್ಲ, ಅದಕ್ಕೂ ಒಪ್ಪಬಾರದು ಅಂತ ಅಳಿಯಂದಿರಿಗೂ ಹೇಳಿಬಿಡು.

ಡಾಕ್ಟರು ಕತ್ತಿನ ಎಕ್ಸ್‌ರೇ ಅಥವಾ ಸ್ಕ್ಯಾನ್ ಬೇಕೋ ಬೇಡವೋ ಅಂತ ತೀರ್ಮಾನಿಸುವ ಮೊದಲು ಹೇಗೆ ಗುದ್ದಿತು, ಕತ್ತಿನ ನಡುಮೂಳೆ ಒತ್ತಿದರೆ ನೋಯುತ್ತದಾ, ಕೈ ಜೋಮು ಇದೆಯಾ ಅಂತ ವಿಚಾರಿಸುತ್ತಾರೆ. ಸುರಕ್ಷಿತ ಅನ್ನಿಸಿದರೆ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸು ಅನ್ನಬಹುದು. ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮ ಅದು. ಏನೂ ಪರೀಕ್ಷೆ ಮಾಡದೆ ಬಿಟ್ಟರು ಅಂತ ಅಂದುಕೊಳ್ಳಬೇಡ, ಅದೇ ಪರೀಕ್ಷೆ.

ಇನ್ನು ದುಡ್ಡಿನ ಮಾತು. ನೀನು ಹಿಂಜರಿಯುತ್ತಿರುವುದು ಇದಕ್ಕೇ ಅಂತ ನನಗೆ ಗೊತ್ತು. ಫ್ಲಾರಿಡಾದಲ್ಲಿ ತಪ್ಪು ಯಾರದ್ದೇ ಆಗಿರಲಿ, ಮೊದಲು ನಿನ್ನ ಕಾರಿನ ಪಾಲಿಸಿಯ ಪಿಐಪಿ (ಪರ್ಸನಲ್ ಇಂಜುರಿ ಪ್ರೊಟೆಕ್ಷನ್) ಭಾಗದಿಂದಲೇ ಚಿಕಿತ್ಸೆಯ ಖರ್ಚು ಹೋಗುತ್ತದೆ. ನಿಯಮದಂತೆ 10,000 ಡಾಲರ್ ತನಕ, ಬಿಲ್ಲಿನ ನೂರಕ್ಕೆ 80ರಷ್ಟು. 2013ರಿಂದ ಅದಕ್ಕೊಂದು ಷರತ್ತಿದೆ. ಅಪಘಾತವಾದ 14 ದಿನದೊಳಗೆ ಮೊದಲ ಸಲ ತೋರಿಸಿಕೊಳ್ಳದಿದ್ದರೆ ವೈದ್ಯಕೀಯ ಖರ್ಚು ಒಂದು ಪೈಸೆಯೂ ಬರುವುದಿಲ್ಲ. ಭಾರತದಿಂದ ಬಂದವರು ಇದರಲ್ಲೇ ಏಟು ತಿನ್ನುತ್ತಾರೆ. ಎರಡು ವಾರ ನೋಡೋಣ, ಅಮೃತಾಂಜನ ಹಚ್ಚೋಣ, ತಾನೇ ಹೋಗುತ್ತದೆ ಅಂತ ಕೂತುಬಿಡುತ್ತಾರೆ. ಮೂರನೇ ವಾರ ಕೈ ಎತ್ತಲಾಗದೆ ಓಡಿ ಬರುತ್ತಾರೆ, ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಕೇಸು ಹಾಕುವುದಕ್ಕೆ ಕಾನೂನಿನಲ್ಲಿ 2 ವರ್ಷ ಇದೆ. ಡಾಕ್ಟರ ಬಳಿ ಹೋಗುವುದಕ್ಕೆ 14 ದಿನ.

ಈ 14 ದಿನದ ಲೆಕ್ಕಕ್ಕೆ ಕೈರೋಪ್ರಾಕ್ಟರ್ ಭೇಟಿಯೂ ನಡೆಯುತ್ತದೆ. ಅದಕ್ಕೇ ಎಲ್ಲರೂ ಅಲ್ಲಿಗೇ ಕಳಿಸುವುದು, ಅಪಾಯಿಂಟ್‌ಮೆಂಟೂ ಅವತ್ತೇ ಸಿಗುತ್ತದೆ. ಆದರೆ ಅದರ ಬೆನ್ನಿಗೆ ಇನ್ನೊಂದು ನಿಯಮವಿದೆ. ನಿನಗಾಗಿರುವುದು ತುರ್ತು ವೈದ್ಯಕೀಯ ಸ್ಥಿತಿ ಅಂತ ಅಧಿಕಾರವಿರುವವರು ಬರೆದುಕೊಟ್ಟರೆ ಮಾತ್ರ ಪೂರ್ತಿ 10,000. ಇಲ್ಲದಿದ್ದರೆ 2,500ಕ್ಕೆ ನಿಲ್ಲುತ್ತದೆ. ಹೌದು ಅಂತ ಬರೆಯುವ ಅಧಿಕಾರ ಎಂಡಿ, ಡಿಓ, ದಂತವೈದ್ಯರು, ಫಿಸಿಷಿಯನ್ ಅಸಿಸ್ಟೆಂಟ್, ಮೇಲ್ದರ್ಜೆಯ ನರ್ಸ್ ಇವರಿಗಿದೆ. ಕೈರೋಪ್ರಾಕ್ಟರಿಗಿಲ್ಲ. ಭುಜಕ್ಕೆ ಯಾವ ದಾರಿ ಸರಿಯೋ ಪಾಲಿಸಿಗೂ ಅದೇ ಸರಿ. ಸೋಮವಾರವೇ ನಿನ್ನ ಫ್ಯಾಮಿಲಿ ಡಾಕ್ಟರಿಗೆ ಫೋನ್ ಮಾಡು. ಕೆಲವರು ಕಾರಿನ ಇನ್ಶೂರೆನ್ಸ್ ಕೇಸು ನೋಡುವುದಿಲ್ಲ ಅನ್ನುತ್ತಾರೆ, ಹಾಗಂದರೆ ಅರ್ಜೆಂಟ್ ಕೇರಿಗೆ ಹೋಗು. ಅಲ್ಲಿ ಭುಜದ ಜೊತೆ ಕತ್ತು, ತಲೆನೋವು, ಬೆರಳಿನ ಜೋಮು, ನಿದ್ದೆ ಬಾರದ್ದು, ಇದ್ದದ್ದನ್ನೆಲ್ಲ ಹೇಳು. ಮೊದಲ ದಿನ ಬರೆಸದ ನೋವನ್ನು ಇನ್ಶೂರೆನ್ಸಿನವರು ಆಮೇಲೆ ಒಪ್ಪುವುದಿಲ್ಲ. ಇಲ್ಲದ್ದನ್ನು ಸೇರಿಸಬೇಡ, ಅದು ಬೇರೆಯೇ ತೊಂದರೆ.

ಆ 10,000 ಒಂದು ಹುಂಡಿ ಅಂತ ನೆನಪಿಟ್ಟುಕೋ. ವಾರಕ್ಕೆ ಮೂರು ಸಲದಂತೆ ಅಡ್ಜಸ್ಟ್‌ಮೆಂಟಿಗೇ ಖಾಲಿಮಾಡಿದರೆ ಎಂಆರ್‌ಐ ಬೇಕಾದ ದಿನ ನಿನ್ನ ಕೈಯಿಂದ ಕೊಡಬೇಕಾಗುತ್ತದೆ. ಕೆಲವು ಕ್ಲಿನಿಕ್ಕುಗಳಲ್ಲಿ ಮೊದಲ ದಿನವೇ, ಭುಜದ ಮೇಲೆ ಕೈಯಿಡುವ ಮೊದಲೇ, ಮೂರು ತಿಂಗಳ ವೇಳಾಪಟ್ಟಿ ಅಚ್ಚುಹಾಕಿ ಇಟ್ಟಿರುತ್ತಾರೆ. ಅಂಥ ಕಡೆಯಿಂದ ನಮಸ್ಕಾರ ಹೇಳಿ ಎದ್ದು ಬಾ. ನನ್ನ ಬಳಿ ಬಂದವರೊಬ್ಬರು, ನಮ್ಮ ಕಡೆಯವರೇ, ಅಂಥದ್ದೊಂದು ಕಡೆ ಇಡೀ ಬೇಸಿಗೆ ಹೋಗಿ ಬಂದಿದ್ದರು. ಕತ್ತು, ಸೊಂಟ ಎಲ್ಲ ದಿನವೂ ಒತ್ತಿಸಿಕೊಂಡಿದ್ದರು. ಶರಟಿನ ಗುಂಡಿ ಬಿಚ್ಚಿ ಎರಡೂ ಭುಜವನ್ನು ಹೋಲಿಸಿ ನೋಡಿದವರು ಯಾರೂ ಇರಲಿಲ್ಲ. ರೆಕ್ಕೆಮೂಳೆಯ ಮೇಲಿನ ಸ್ನಾಯು ಆ ಹೊತ್ತಿಗೆ ಸೊರಗಿ ಗುಳಿಬಿದ್ದಿತ್ತು, ಬಾಗಿಲಿನಿಂದಲೇ ಕಾಣುತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುವ ಸಂಗತಿ ಅದು.

ಲಾಯರು ಕಳಿಸಿದ ಕ್ಲಿನಿಕ್ಕು, ಕ್ಲಿನಿಕ್ಕು ಹೇಳಿದ ಲಾಯರು, ಇವೆರಡನ್ನೂ ಜಾಗ್ರತೆಯಿಂದ ನೋಡು. ಐ-4 ರಸ್ತೆಯುದ್ದಕ್ಕೂ ಇರುವ ಬೋರ್ಡುಗಳನ್ನು ನೋಡಿದ್ದೀಯಲ್ಲ. "ಈಗ ಏನೂ ಕೊಡಬೇಡಿ, ಸೆಟಲ್‌ಮೆಂಟ್ ಬಂದ ಮೇಲೆ ತಗೋತೀವಿ" ಅಂತ ಲೆಟರ್ ಆಫ್ ಪ್ರೊಟೆಕ್ಷನ್‌ಗೆ ಸಹಿ ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಸೆಟಲ್‌ಮೆಂಟ್ ಬರಲಿ ಬಿಡಲಿ ಬಿಲ್ಲು ನಿನ್ನದೇ. ಬಿಲ್ಲು ಬೆಳೆದಷ್ಟೂ ಕೇಸು ದೊಡ್ಡದಾಗುತ್ತದೆ ಅನ್ನುವವರ ಮಾತು ಕೇಳಿ ಬೇಡದ ಚಿಕಿತ್ಸೆಗೆ ಮೈಕೊಟ್ಟರೆ, ವಾಸಿಯಾಗುವುದೇ ನಷ್ಟ ಅನ್ನುವ ಸ್ಥಿತಿಗೆ ಮನಸ್ಸು ಬಂದುಬಿಡುತ್ತದೆ. ಮೊದಲ ದಿನ ಪಿಐಪಿಯ ಒಂದು ಫಾರಂ ಕೊಡುತ್ತಾರೆ. ಅದರಲ್ಲಿ, ಈ ಚಿಕಿತ್ಸೆಗಳು ನಿಜವಾಗಿ ನಡೆದಿವೆ, ಯಾರೂ ನನ್ನನ್ನು ಇಲ್ಲಿಗೆ ಪುಸಲಾಯಿಸಿ ತಂದಿಲ್ಲ ಅಂತ ನೀನು ಹೇಳಿದಂತೆ ಇರುತ್ತದೆ. ಆ ದಿನದ ಚಿಕಿತ್ಸೆ ಮುಗಿದ ಮೇಲೆ, ಓದಿ, ಬರೆದದ್ದು ನಿಜವಾದರೆ ಮಾತ್ರ ಸಹಿಮಾಡು.

ಒಳ್ಳೆಯ ಕೈರೋಪ್ರಾಕ್ಟರನ್ನು ಗುರುತು ಹಿಡಿಯುವುದು ಕಷ್ಟವಲ್ಲ. ಡಾಕ್ಟರ ರಿಪೋರ್ಟು ಕೇಳಿ ಓದುತ್ತಾರೆ. ಬೆನ್ನುಮೂಳೆಯ ಜೊತೆ ಭುಜವನ್ನೂ ಆಡಿಸಿ, ಶಕ್ತಿ ಎಷ್ಟಿದೆ ಅಂತ ನೋಡುತ್ತಾರೆ. ಮನೆಗೆ ವ್ಯಾಯಾಮ ಕೊಟ್ಟು ಕಳಿಸುತ್ತಾರೆ, ಮುಂದಿನ ಸಲ ಮಾಡಿದೆಯಾ ಅಂತ ಕೇಳುತ್ತಾರೆ. ಎರಡು ಮೂರು ವಾರಕ್ಕೆ ನಿಂತು ಗುಣ ಕಂಡಿದೆಯಾ ಅಂತ ಅಳೆಯುತ್ತಾರೆ, ಕಂಡಿಲ್ಲವಾದರೆ ತಾವಾಗಿಯೇ ಬೇರೆ ಕಡೆ ಕಳಿಸುತ್ತಾರೆ. ಅಂಥವರು ಸಿಕ್ಕರೆ ನಿಶ್ಚಿಂತೆಯಿಂದ ಹೋಗು. ಸಿಗದಿದ್ದರೆ ಫಿಸಿಯೋಥೆರಪಿ ಇದ್ದೇ ಇದೆ, ಡಾಕ್ಟರೇ ಬರೆದುಕೊಡುತ್ತಾರೆ. ಭುಜದ ಕೀಲಿನದೇ ತೊಂದರೆ ಅಂತಾದರೆ ನನ್ನ ಮನಸ್ಸು ಅದರ ಕಡೆಗೇ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವ ಸಂಗತಿ. ನೋಯುತ್ತದೆ ಅಂತ ಆ ಕೈಯನ್ನು ಮೈಗೆ ಅಂಟಿಸಿಕೊಂಡು ವಾರಗಟ್ಟಲೆ ಇಟ್ಟುಕೊಂಡರೆ ಭುಜ ಹಿಡಿದುಕೊಳ್ಳುತ್ತದೆ. ಫ್ರೋಜನ್ ಶೋಲ್ಡರ್ ಅನ್ನುತ್ತಾರಲ್ಲ, ಅದು. ನಲವತ್ತರಿಂದ ಅರವತ್ತರ ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ನಿನಗೆ ನಲವತ್ತಾಗುತ್ತಿದೆ. ಬಸುರಿನಲ್ಲಿ ಸಕ್ಕರೆ ಏರಿತ್ತು, ಆಮೇಲೆ ಪರೀಕ್ಷೆ ಮಾಡಿಸಿಲ್ಲ ಅಂತ ನಿಮ್ಮಮ್ಮ ಅಂದಳು. ಡಾಕ್ಟರ ಬಳಿ ಹೋದಾಗ ಹಾಗೇ ಎಚ್‌ಬಿಎ1ಸಿ ಮಾಡಿಸು. ಭುಜ ಒಮ್ಮೆ ಹಿಡಿದರೆ ಬಿಡಲು ಒಂದು ವರ್ಷ, ಕೆಲವೊಮ್ಮೆ ಎರಡು ಮೂರು ವರ್ಷ ಬೇಕು. ರವಿಕೆಯ ಹಿಂದಿನ ಹುಕ್ಕು ಹಾಕಿಕೊಳ್ಳಲಾಗದೆ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಕತ್ತಿಗೂ ಇದೇ ಮಾತು. ಕತ್ತು ಜಗ್ಗಿದವರು ಪಟ್ಟಿ ಹಾಕಿಕೊಂಡು ಮಲಗುವುದಕ್ಕಿಂತ ಮಾಮೂಲು ಓಡಾಟಕ್ಕೆ ಬೇಗ ಮರಳುವುದೇ ಒಳ್ಳೆಯದು ಅಂತ ಕ್ವಿಬೆಕ್‌ನ ತಜ್ಞರ ತಂಡ 1995ರಲ್ಲೇ ಹೇಳಿತು.

ಹಾಗಾಗಿ ಮೂಳೆ ಮುರಿದಿಲ್ಲ, ಕೀಲು ತಪ್ಪಿಲ್ಲ ಅಂತ ಡಾಕ್ಟರು ಹೇಳಿದ ದಿನದಿಂದಲೇ ಆಡಿಸಲು ಶುರುಮಾಡು. ಅಡುಗೆಮನೆಯ ಕಟ್ಟೆಗೆ ಬಲಗೈ ಊರಿ ಸೊಂಟದಿಂದ ಮುಂದಕ್ಕೆ ಬಾಗು. ಎಡಗೈಯನ್ನು ಸೊಂಡಿಲಿನಂತೆ ಇಳಿಬಿಡು, ಭುಜವನ್ನು ಕಿವಿಯ ಕಡೆಗೆ ಎಳೆದುಕೊಳ್ಳಬೇಡ. ಈಗ ಕೈಯನ್ನು ಅಲ್ಲಾಡಿಸಬೇಡ, ಮೈಯನ್ನು ಹಿಂದೆಮುಂದೆ ತೂಗು, ಕೈ ತಾನಾಗಿಯೇ ತೂಗುತ್ತದೆ. ಚಿಕ್ಕ ಸುತ್ತು, ಆಮೇಲೆ ಸ್ವಲ್ಪ ದೊಡ್ಡ ಸುತ್ತು. ಒಂದೆರಡು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಹಾಲು ಕಾಯುವ ಹೊತ್ತು ಸಾಕು. ಕೆಲವು ದಿನ ಕಳೆದ ಮೇಲೆ ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸು, ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆ. ಗೆರೆ ವಾರವಾರಕ್ಕೆ ಮೇಲೆ ಹೋಗುತ್ತಿದ್ದರೆ ಸರಿ. ವ್ಯಾಯಾಮದ ನಂತರದ ನೋವು ಒಂದೆರಡು ತಾಸಿನಲ್ಲಿ ಇಳಿಯಬೇಕು, ಮರುದಿನಕ್ಕೂ ಉಳಿದರೆ ನೀನು ಜಾಸ್ತಿ ಮಾಡಿದ್ದೀಯ.

ಮಲಗುವಾಗ ಬೆನ್ನ ಮೇಲೆ ಮಲಗಿ ಎಡ ಮೊಣಕೈಯ ಕೆಳಗೆ ಮಡಿಸಿದ ಟವಲ್ ಇಡು, ತೋಳು ಹಿಂದಕ್ಕೆ ಜೋತುಬೀಳುವುದಿಲ್ಲ. ಬಲ ಮಗ್ಗುಲಾದರೆ ದಿಂಬನ್ನು ತಬ್ಬಿಕೊಂಡು ಎಡಗೈ ಅದರ ಮೇಲಿರಲಿ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ಐಸು, ಆಮೇಲೆ ಬಿಸಿ ಹಿತವೆನಿಸಿದರೆ ಬಿಸಿ. ನಿಮ್ಮಮ್ಮ ಎಳ್ಳೆಣ್ಣೆ ಬಿಸಿಮಾಡಿ ತಿಕ್ಕಿಸಿಕೋ ಅಂತಾಳೆ. ಮೇಲೆಮೇಲೆ ಸವರಿಸಿಕೋ, ಅವಳಿಗೂ ಸಮಾಧಾನ. ಪೆಟ್ಟುಬಿದ್ದ ಕಾಲರ್‌ಬೋನ್ ಮೇಲೆ, ಬಾವಿನ ಮೇಲೆ ಜೋರಾಗಿ ತಿಕ್ಕುವುದು ಬೇಡ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳಿಯೇ ತೆಗೆದುಕೋ, ನಿನಗೆ ಅಸಿಡಿಟಿ ಇದೆ.

ಮಗುವಿನ ವಿಷಯ ಒಂದು ಉಳಿಯಿತು. ಎರಡು ವರ್ಷದ ಕೂಸನ್ನು ಎತ್ತಿ, ಕೈ ಚಾಚಿ, ಮೈ ತಿರುಚಿ ಕಾರಿನ ಸೀಟಿಗೆ ಕೂರಿಸುವುದಕ್ಕಿಂತ ಭುಜಕ್ಕೆ ಕೆಟ್ಟ ಕೆಲಸ ಇನ್ನೊಂದಿಲ್ಲ. ಕೆಲವು ವಾರ ಅಳಿಯಂದಿರೇ ಮಾಡಲಿ. ನೀನೊಬ್ಬಳೇ ಇರುವ ದಿನ ಅದು ತಾನೇ ಹತ್ತಿಕೊಳ್ಳುವಂತೆ ಚಿಕ್ಕ ಸ್ಟೂಲ್ ಇಟ್ಟುಕೋ, ಬಕ್ಕಲ್ ಹಾಕಲು ನೀನೂ ಕಾರಿನೊಳಗೆ ಹೋಗಿ ಪಕ್ಕದಲ್ಲಿ ಕೂತು ಬಲಗೈಯಿಂದ ಹಾಕು. ಆಮೇಲೆ ಆ ಸೀಟನ್ನೇ ಬದಲಾಯಿಸಬೇಕು. ಅಪಘಾತದಲ್ಲಿ ಕಾರಿನಲ್ಲಿದ್ದವರಿಗೆ ಯಾರಿಗಾದರೂ ಗಾಯವಾಗಿದ್ದರೆ ಅದನ್ನು ಚಿಕ್ಕ ಅಪಘಾತ ಅಂತ ಅಲ್ಲಿನ ರಸ್ತೆ ಸುರಕ್ಷತೆಯ ಇಲಾಖೆ ಲೆಕ್ಕಹಾಕುವುದಿಲ್ಲ, ಮಗುವಿನ ಸೀಟು ಹೊಸದಾಗಿ ತೆಗೆದುಕೊಳ್ಳಿ ಅನ್ನುತ್ತದೆ. ನೋಡಲು ಚೆನ್ನಾಗಿಯೇ ಇದೆ ಅಂತ ಇಟ್ಟುಕೊಳ್ಳಬೇಡ, ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲ. ಹೊಸ ಸೀಟಿನ ಖರ್ಚನ್ನು ಇನ್ಶೂರೆನ್ಸಿನವರು ಸಾಮಾನ್ಯವಾಗಿ ಕೊಡುತ್ತಾರೆ, ಕ್ಲೇಮಿನಲ್ಲಿ ಸೇರಿಸು, ರಸೀದಿ ಇಟ್ಟುಕೋ. ಹಳೆಯದನ್ನು ಯಾರಿಗೂ ದಾನ ಕೊಡಬೇಡ. ಪಟ್ಟಿಗಳನ್ನು ಕತ್ತರಿಸಿ, ಮೇಲೆ ದಪ್ಪ ಅಕ್ಷರದಲ್ಲಿ ಅಪಘಾತವಾದದ್ದು ಅಂತ ಇಂಗ್ಲಿಷಿನಲ್ಲಿ ಬರೆದು ಕಸಕ್ಕೆ ಹಾಕು. ಸೋಮವಾರ ಡಾಕ್ಟರು ಏನೆಂದರು ಅಂತ ಸಂಜೆ ಫೋನ್ ಮಾಡು, ನಮ್ಮಲ್ಲಿ ಬೆಳಗಾಗಿರುತ್ತದೆ, ನಾನು ಎದ್ದಿರುತ್ತೇನೆ.

ನಿನ್ನ,
ದೊಡ್ಡಮ್ಮ